ಗಾಜಿನ ಹಂಚಿನ ಕೆಳಗೆ ಇಪ್ಪತ್ತೊಂದು ದಿನ

ಶಶಿಪ್ರಭಾ ಬೆಳುವಾಯಿ ಕಡೆಯ ಗೇರುಬೀಜದ ಫ್ಯಾಕ್ಟರಿಗೆ ಸೇರಿದ್ದು 1986ರಲ್ಲಿ, ಬಿಟ್ಟದ್ದು 2001ರಲ್ಲಿ. ಮೊದಲ ಹನ್ನೊಂದು ವರ್ಷ ‘ಶಶಿಯಕ್ಕ ಹೇಳಿದ ಮೇಲೆ ಮುಗಿಯಿತು’ ಎನ್ನುತ್ತಿದ್ದ ಹೆಂಗಸರೇ ಕೊನೆಯ ನಾಲ್ಕು ವರ್ಷ ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನಾನು ಕಾಂತಿ, ಎರಡೂ ಕಾಲದಲ್ಲಿ ಅದೇ ಹಾಲಿನಲ್ಲಿ ಕೂತು ಬೀಜ ಸುಲಿದವಳು. ಅವಳ ಕಥೆ ಹೇಳಲು ನಾನು ಯೋಗ್ಯಳಲ್ಲ. ಆದರೆ ಹೇಳಬೇಕಾದವಳು ನಾನೇ.

ಹಾಲು ಎಂದರೆ ಬೀಜ ಸುಲಿಯುವ ದೊಡ್ಡ ಕೋಣೆ. ಒಡೆದ ಬೀಜ ಬೋರ್ಮಕ್ಕೆ ಹೋಗುತ್ತದೆ. ಬೋರ್ಮ ಎಂದರೆ ಬೀಜ ಒಣಗಿಸುವ ಬಿಸಿ ಕೋಣೆ. ಅಲ್ಲಿ ಒಣಗಿ ಸಿಪ್ಪೆ ಸಡಿಲವಾದ ಮೇಲೆ ನಮ್ಮ ಟ್ರೇಗೆ ಬರುತ್ತದೆ. ನಾವು ಸಣ್ಣ ಚೂರಿಯಲ್ಲಿ ಕೆಂಪು ಸಿಪ್ಪೆ ತೆಗೆದು, ಇಡೀ ಬೀಜ ಒಂದು ಕಡೆ, ತುಂಡು ಒಂದು ಕಡೆ ಹಾಕಬೇಕು. ತುಂಡಾದರೆ ಅರ್ಧ ಬೆಲೆಯೂ ಇಲ್ಲ, ಬೈಗುಳ ಮಾತ್ರ ಪೂರ್ತಿ. ಅರುವತ್ತು ಜನ ಹೆಂಗಸರು, ಆರು ಸಾಲು. ಹಾಲಿನ ಒಂದು ಗೋಡೆಯ ಆಚೆ ಬೋರ್ಮ. ಆ ಗೋಡೆಗೆ ಬೆನ್ನು ತಾಗಿದರೆ ರವಿಕೆಯ ಬೆವರು ಅಲ್ಲೇ ಒಣಗುತ್ತಿತ್ತು. ಕಿಟಕಿಗಳು ಇದ್ದವು, ಆದರೆ ನಾವು ಬೀಜ ಹೊರಗೆ ದಾಟಿಸುತ್ತೇವೆ ಎಂಬ ಭಯಕ್ಕೆ ಹಲಗೆ ಹೊಡೆದು ಮುಚ್ಚಿದ್ದರು. ಫ್ಯಾನು ಇಲ್ಲ. ಫ್ಯಾನು ಹಾಕಿದರೆ ಬೀಜ ತಣಿದು ಮೆತ್ತಗಾಗುತ್ತದೆ, ಸಿಪ್ಪೆ ಬಿಡುವುದಿಲ್ಲ ಎಂದು ಕಾರಣ. ಕಾರಣ ಸುಳ್ಳಲ್ಲ. ಬೀಜದ ಆರೋಗ್ಯದ ಬಗ್ಗೆ ಧಣಿಗಳಿಗೆ ಬಹಳ ಕಾಳಜಿ ಇತ್ತು.

ಬೆಳಕಿಗೆ ನಾಲ್ಕು ಟ್ಯೂಬ್‌ಲೈಟು. ಒಂದು ಸತ್ತಿತ್ತು, ಇನ್ನೊಂದು ದಿನವಿಡೀ ಕಣ್ಣು ಮಿಟುಕಿಸುತ್ತಿತ್ತು. ಎಪ್ರಿಲ್ ತಿಂಗಳಲ್ಲಿ ವೋಲ್ಟೇಜ್ ಇಳಿದರೆ ಉಳಿದ ಎರಡೂ ಅದರ ಜೊತೆ ಸೇರಿಕೊಳ್ಳುತ್ತಿದ್ದವು. ಬಾಗಿಲ ಹತ್ತಿರದ ಸಾಲಿಗೆ ಮಾತ್ರ ಗಾಳಿ, ಬೆಳಕು. ಅದಕ್ಕೆ ನಮ್ಮಲ್ಲೊಂದು ಕ್ರಮ ಇತ್ತು: ಪ್ರತಿ ಸೋಮವಾರ ಸಾಲುಗಳು ಒಂದೊಂದು ಮುಂದೆ ಸರಿಯಬೇಕು. ಆರು ವಾರಕ್ಕೊಮ್ಮೆ ಎಲ್ಲರಿಗೂ ಬಾಗಿಲು ಸಿಗಬೇಕು, ಎಲ್ಲರಿಗೂ ಬೋರ್ಮದ ಗೋಡೆಯೂ ಸಿಗಬೇಕು. ಈ ಕ್ರಮ ಮಾಡಿದವಳು ಶಶಿಯಕ್ಕ.

ಬಾಗಿಲ ಸಾಲಿನಿಂದ ಏಳದೆ ಇದ್ದವರು ನಫೀಸಮ್ಮ ಒಬ್ಬರೇ. ಐವತ್ತೈದು ದಾಟಿತ್ತು, ಕಣ್ಣಿಗೆ ಮಬ್ಬು ಕಟ್ಟಿತ್ತು. ಗಂಡ ತೀರಿದ್ದರು. ಮಗಳು ಶಹರ್ಬಾನುವನ್ನು ಮಡಂತ್ಯಾರಿಗೆ ಮದುವೆ ಮಾಡಿ ಕೊಟ್ಟು, ಇವರು ಇಲ್ಲಿ ಒಬ್ಬರೇ ಇದ್ದರು. ಮಗಳ ಮನೆಯಲ್ಲಿ ಹೋಗಿ ಕೂತುಕೊಳ್ಳಲು ಒಪ್ಪದ ಹೆಂಗಸು. ‘ಕೈ ಇರುವಷ್ಟು ದಿನ ನನ್ನದೇ ಗಂಜಿ’ ಎನ್ನುತ್ತಿದ್ದರು. ದಿನಕ್ಕೆ ಎಂಟು ಕಿಲೋ ಮಿನಿಮಮ್. ಪದೇ ಪದೇ ಅದಕ್ಕಿಂತ ಕಡಿಮೆಯಾದರೆ ಎಚ್ಚರಿಕೆಯ ಚೀಟಿ, ಮೂರನೇ ಚೀಟಿಗೆ ಕೆಲಸ ಇಲ್ಲ. ನಫೀಸಮ್ಮನಿಂದ ಆರೂವರೆ ಆಗುತ್ತಿತ್ತು. ಆದರೂ ಅವರಿಗೆ ಎಂದೂ ಚೀಟಿ ಬಂದದ್ದಿಲ್ಲ.

ಯಾಕೆಂದರೆ ನಾವು ಪಾಲು ಹಾಕುತ್ತಿದ್ದೆವು. ಹಾಲಿನಲ್ಲಿ ಯಾರ ಕೈ ಎಷ್ಟೇ ಓಡಲಿ, ತೂಕಕ್ಕೆ ಎಂಟೂಕಾಲಿನ ಮೇಲೆ ಯಾರೂ ಕೊಡುವುದಿಲ್ಲ. ಹೆಚ್ಚಾದದ್ದು ಸಂಜೆ ತೂಕಕ್ಕೆ ಮೊದಲು, ಹಿಡಿ ಹಿಡಿಯಾಗಿ, ಹಿಂದೆ ಬಿದ್ದವರ ಟ್ರೇಗೆ ಹೋಗುತ್ತಿತ್ತು. ಬಸುರಿಯರಿಗೆ, ಜ್ವರ ಬಂದವರಿಗೆ, ನಫೀಸಮ್ಮನಿಗೆ. ಈ ಗುಟ್ಟು ಆಫೀಸಿಗೆ ಗೊತ್ತಿರಲಿಲ್ಲ. ನಫೀಸಮ್ಮನಿಗೆ ಗೊತ್ತಿತ್ತು, ಪ್ರತಿ ಸಂಜೆ ನಾವು ಹಾಕುವಾಗ ಅವರು ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಉಪವಾಸದ ತಿಂಗಳು ಮುಗಿದಾಗ ಅರುವತ್ತು ಜನರಿಗೂ ಪತ್ತಿರಿ, ಎಂದರೆ ಅಕ್ಕಿಹಿಟ್ಟಿನ ತೆಳು ರೊಟ್ಟಿ, ಮಾಡಿ ತರುತ್ತಿದ್ದರು.

1997ರ ಫೆಬ್ರವರಿಯಲ್ಲಿ ಲತೇಶ್ ಬಂದ. ಮಿಜಾರಿನ ಹುಡುಗ, ಇಂಜಿನಿಯರಿಂಗ್ ಓದಿ ಬಂದವ. ಉತ್ಪಾದನೆ ಯಾಕೆ ಏರುವುದಿಲ್ಲ ಎಂದು ನೋಡಲು ಧಣಿಗಳು ಇಟ್ಟುಕೊಂಡದ್ದು. ಮೊದಲ ದಿನವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಮ್ಮ ಸಾಲಿನಲ್ಲಿ ನೆಲದ ಮೇಲೆ ಕೂತ. ಒಂದು ಥರ್ಮಾಮೀಟರ್ ಗೋಡೆಗೆ ನೇತು ಹಾಕಿದ. ಅಂಗೈಯಷ್ಟು ದೊಡ್ಡ ಇನ್ನೊಂದು ಪೆಟ್ಟಿಗೆಯನ್ನು ನಮ್ಮ ಟ್ರೇಗಳ ಮೇಲೆ ಹಿಡಿದು ಬೆಳಕು ಅಳೆದ.

“ಬೋರ್ಮದ ಸಾಲಿನಲ್ಲಿ ಮೂವತ್ತೊಂಬತ್ತು ಡಿಗ್ರಿ ಉಂಟು ಅಕ್ಕ. ಬೆಳಕು ಇರಬೇಕಾದ್ದರ ಕಾಲು ಭಾಗವೂ ಇಲ್ಲ. ನೀವು ಹೇಗೆ ಕೆಲಸ ಮಾಡ್ತೀರಿ?” ಎಂದು ಕೇಳಿದ.

ಹನ್ನೊಂದು ವರ್ಷದಲ್ಲಿ ಹಾಗೆ ಕೇಳಿದ ಮೊದಲ ಮನುಷ್ಯ ಅವನೇ. ಅಷ್ಟಕ್ಕೇ ನಾವು ಕರಗಿಹೋದೆವು. ಜೊತೆಗೆ ಅವನು ಚಿನ್ನಯ್ಯ ಮಾಸ್ಟ್ರ ಮಗ. ಶಶಿಯಕ್ಕನಿಗೆ ಏಳನೇ ಕ್ಲಾಸಿನವರೆಗೆ ಲೆಕ್ಕ ಕಲಿಸಿದ್ದು ಚಿನ್ನಯ್ಯ ಮಾಸ್ಟ್ರು. ಮುಂದೆ ಓದಿಸಿ ಎಂದು ಅವಳ ಅಪ್ಪನ ಹತ್ತಿರ ಮೂರು ಸಲ ಬಂದು ಹೇಳಿದ್ದೂ ಅವರೇ. ಅಪ್ಪ ಕೇಳಲಿಲ್ಲ, ಅದು ಬೇರೆ ಮಾತು.

ಉಪಾಯ ಹೇಳಿದ್ದು ಶಶಿಯಕ್ಕ. ಇದನ್ನು ನಾನು ಒತ್ತಿ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಎಲ್ಲ ಕಡೆ ಅದು ಲತೇಶನ ಉಪಾಯ ಎಂದೇ ಹೆಸರಾಯಿತು. ಅವಳ ಗಂಡ ರುಕ್ಮಯ್ಯ ಹಂಚು ಹೊದಿಸುವ ಕೆಲಸದವನು.

“ಈ ಹಾಲಿನ ಮಾಡಿಗೆ, ಅಲ್ಲಲ್ಲಿ ಹಂಚು ತೆಗೆದು ಗಾಜಿನ ಹಂಚು ಇಡುವ. ಹಗಲಿಗೆ ಲೈಟೇ ಬೇಡ. ಮತ್ತೆ ಬೋರ್ಮದ ಗೋಡೆಯ ಮೇಲೆ, ಮಾಡಿನ ಹತ್ತಿರ, ಗಾಳಿ ಹೊರಗೆ ಎಳೆಯುವ ಫ್ಯಾನ್ ಹಾಕುವ. ಬೀಜದ ಮೇಲೆ ಗಾಳಿ ಬೇಡ. ನಮ್ಮ ತಲೆ ಮೇಲಿನ ಬಿಸಿ ಹೋದರೆ ಸಾಕು” ಎಂದಳು.

ಲತೇಶ್ ನೋಟ್‌ಬುಕ್ಕಿನಿಂದ ತಲೆ ಎತ್ತಿ ಅವಳನ್ನೇ ನೋಡಿದ. ಒಂದು ವಾರದಲ್ಲಿ ರುಕ್ಮಯ್ಯನೇ ಬಂದು ನಲುವತ್ತು ಗಾಜಿನ ಹಂಚು ಕೂರಿಸಿದ. ಎರಡು ಫ್ಯಾನು ಬಂತು. ಕಿಟಕಿಯ ಹಲಗೆ ತೆಗೆದು ಜಾಲರಿ ಹೊಡೆದರು. ಆ ದಿನ ಒಳಗೆ ಕಾಲಿಟ್ಟಾಗ ನಾವು ಪಕ್ಕದಲ್ಲಿ ಕೂತವರ ಮುಖವನ್ನು ಸರಿಯಾಗಿ ಕಂಡೆವು. ಕೆಲವರಿಗೆ ತಲೆ ಅಷ್ಟು ನರೆತಿದೆ ಎಂದು ಅಂದೇ ಗೊತ್ತಾದದ್ದು. ನಗಾಡಿದೆವು.

ಲತೇಶ್ ಮಾತ್ರ ನಗಲಿಲ್ಲ. “ಇದು ಇಪ್ಪತ್ತೊಂದು ದಿನದ ಪರೀಕ್ಷೆ. ಬೀಜ ಹೆಚ್ಚು ಸುಲಿದು, ತುಂಡು ಕಡಿಮೆಯಾದರೆ ಧಣಿಗಳು ಇದನ್ನೆಲ್ಲ ಇಟ್ಟುಕೊಳ್ತಾರೆ. ಇಲ್ಲದಿದ್ದರೆ ತೆಗೆಸ್ತಾರೆ. ನಿಮ್ಮ ಕೈಯಲ್ಲಿ ಉಂಟು” ಎಂದ.

ಶಶಿಯಕ್ಕ ಕೇಳಿದಳು: “ಈ ಲೆಕ್ಕ ನಮ್ಮ ಮಿನಿಮಮ್ಮಿಗೆ ತಾಗ್ತದಾ?”

“ಇಲ್ಲ ಅಕ್ಕ. ಅದು ಬೇರೆ, ಇದು ಬೇರೆ. ನನ್ನ ಮೇಲೆ ನಂಬಿಕೆ ಇಡಿ.”

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಎಲ್ಲರನ್ನೂ ಕೂಡಿಸಿ ಹೇಳಿದಳು. “ಇಪ್ಪತ್ತೊಂದು ದಿನ ಪಾಲು ಹಾಕುವುದು ಬೇಡ. ಅವರವರು ಸುಲಿದದ್ದು ಅವರವರೇ ಪೂರ್ತಿ ಕೊಡುವ. ಅಡಗಿಸಿ ಇಟ್ಟರೆ ಬೆಳಕಿನ ಗುಣ ಅವರಿಗೆ ಗೊತ್ತಾಗುವುದು ಹೇಗೆ? ನಫೀಸಮ್ಮನಿಗೂ ಹಾಕುವುದು ಬೇಡ. ಬೆಳಕು ಇದ್ದರೆ ಅವರ ಕೈಯೇ ಸಾಕು, ನೋಡಿ ಬೇಕಾದ್ರೆ.”

ಹಿಂದಿನ ಸಾಲಿನಿಂದ ಯಾರೋ “ಹೆಚ್ಚು ತೋರಿಸಿದರೆ ಹೆಚ್ಚು ಕೇಳ್ತಾರೆ ಶಶಿಯಕ್ಕ” ಎಂದರು.

“ಚಿನ್ನಯ್ಯ ಮಾಸ್ಟ್ರ ಮಗ ಸುಳ್ಳು ಹೇಳ್ತಾನಾ?” ಎಂದಳು ಇವಳು. ಅಲ್ಲಿಗೆ ಮುಗಿಯಿತು.

ಬೆಳಕಿನ ಗುಣ ನಿಜಕ್ಕೂ ದೊಡ್ಡದು. ಮೊದಲ ದಿನವೇ ನನ್ನ ಕೈ ತನ್ನಷ್ಟಕ್ಕೆ ಓಡಿತು. ಸಿಪ್ಪೆಯ ಅಂಚು ಕಾಣುತ್ತದೆ, ಚೂರಿ ಎಲ್ಲಿ ಇಡಬೇಕೆಂದು ತಡಕಾಡಬೇಕಾಗಿಲ್ಲ, ಬೀಜ ತುಂಡಾಗುವುದಿಲ್ಲ. ಮೂರು ಗಂಟೆಯ ಮೇಲೆ ಬರುತ್ತಿದ್ದ ತಲೆನೋವು ಬರಲಿಲ್ಲ. ಬೋರ್ಮದ ಸಾಲಿನವರು ನೀರಿಗೆಂದು ನಾಲ್ಕು ಸಲ ಏಳುತ್ತಿದ್ದವರು ಎರಡೇ ಸಲ ಎದ್ದರು. ಗೋಡೆಯ ಥರ್ಮಾಮೀಟರ್ ಮೂವತ್ತಮೂರಕ್ಕೆ ಇಳಿದಿತ್ತು. ನಾನು ಆ ದಿನ ಹತ್ತು ಕಿಲೋ ಕೊಟ್ಟೆ, ಶಶಿಯಕ್ಕ ಹನ್ನೊಂದು.

ನಫೀಸಮ್ಮ ಏಳೂಕಾಲು.

ಆರೂವರೆಯಿಂದ ಏಳೂಕಾಲಿಗೆ ಏರಿದ್ದೇ ದೊಡ್ಡದು. ಆದರೆ ಎಂಟಕ್ಕೆ ಕಡಿಮೆ. ಎರಡನೇ ದಿನವೂ ಅಷ್ಟೇ. ಲತೇಶನ ಪಟ್ಟಿಯಲ್ಲಿ ಅರುವತ್ತು ಹೆಸರಿನ ಕೆಳಗೆ, ಕಟ್ಟಕಡೆಗೆ, ಅವರ ಹೆಸರು. ಮೊದಲ ಸಲ ಅವರ ನಿಜವಾದ ತೂಕ ಆಫೀಸಿನ ಕಣ್ಣಿಗೆ ಬಿದ್ದಿತ್ತು. ಮೂರನೇ ದಿನ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಮಧ್ಯಾಹ್ನ ಅವರು ನಮಾಜಿಗೆಂದು ಗೋದಾಮಿನ ಹಿಂದೆ ಹೋದಾಗ, ನನ್ನ ಟ್ರೇಯಿಂದ ಐದಾರು ಹಿಡಿ ಅವರ ಟ್ರೇಗೆ ಹಾಕಿದೆ. ಸಂಜೆಯ ಚಹಾದ ಹೊತ್ತಿಗೆ ಮತ್ತೆ ಅಷ್ಟು. ಶಶಿಯಕ್ಕ ಮೂರು ಸಾಲು ಹಿಂದೆ ಇದ್ದಳು, ಅವಳಿಗೆ ಕಾಣಲಿಲ್ಲ; ಪಕ್ಕದವರು ತಲೆ ತಗ್ಗಿಸಿ ತಮ್ಮ ಟ್ರೇ ನೋಡುತ್ತಿದ್ದರು. ನಫೀಸಮ್ಮನಿಗೂ ಗೊತ್ತಾಗಲಿಲ್ಲ. ತೂಕ ಎಂಟೂವರೆ ಬಂತು.

ತಕ್ಕಡಿಯ ಹತ್ತಿರ ಅವರು ತೂಕ ಬರೆಯುವ ರೈಟರನ್ನು “ಇನ್ನೊಮ್ಮೆ ನೋಡಿ ಸ್ವಾಮಿ” ಎಂದು ಕೇಳಿದರು. ರೈಟರು ಇನ್ನೊಮ್ಮೆ ನೋಡಿ ಎಂಟೂವರೆ ಎಂದರು. ನಫೀಸಮ್ಮ ನಮ್ಮೆಲ್ಲರ ಕಡೆ ತಿರುಗಿ, ಎರಡೂ ಕೈ ಎತ್ತಿ ತೋರಿಸಿದರು. “ನಂದೇ! ಎಲ್ಲ ನಂದೇ!” ಎಂದು ಕೂಗಿದರು. ಶಶಿಯಕ್ಕ ಓಡಿ ಬಂದು ಅವರನ್ನು ಅಪ್ಪಿಕೊಂಡಳು. ಆಮೇಲೆ ನಾನು ಹೇಗೆ ಬಾಯಿ ಬಿಡಲಿ? ಉಳಿದ ದಿನವೆಲ್ಲ, ಸೋಮವಾರ ಸಾಲು ಸರಿದ ಮೇಲೂ ನೀರಿನ ನೆಪದಲ್ಲಿ ಅವರ ಹತ್ತಿರ ಹೋಗಿ, ಹಾಗೇ ಹಾಕುತ್ತ ಬಂದೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂಬ ಜಂಬ ಬೇರೆ ಇತ್ತು ನನಗೆ.

ಇಪ್ಪತ್ತೊಂದನೇ ದಿನ ಲತೇಶ್ ಒಂದು ಕಾಗದ ತಂದ. ಹಾಲಿನ ಸರಾಸರಿ ಒಂಬತ್ತೂಮುಕ್ಕಾಲು ಕಿಲೋ, ತುಂಡು ಅರ್ಧಕ್ಕರ್ಧ ಇಳಿದಿದೆ ಎಂದು ಅದರಲ್ಲಿತ್ತು. ಈ ಲೆಕ್ಕ ಸರಿಯಿದೆ ಎಂದು ಕೆಲಸಗಾರರ ಪರವಾಗಿ ಯಾರಾದರೂ ಸೈನ್ ಹಾಕಬೇಕಿತ್ತು. ಶಶಿಯಕ್ಕ ಎರಡು ಸಲ ಓದಿ, ನಫೀಸಮ್ಮನ ಹೆಸರಿನ ಮುಂದಿದ್ದ ಎಂಟೂವರೆಯ ಮೇಲೆ ಬೆರಳಿಟ್ಟು ನಮಗೆಲ್ಲ ತೋರಿಸಿ, ಸೈನ್ ಹಾಕಿದಳು. ಅವಳ ಅಕ್ಷರ ಮುತ್ತಿನಂತೆ ಇತ್ತು.

ಎಪ್ರಿಲ್ ಒಂದಕ್ಕೆ ನೋಟೀಸು ಬೋರ್ಡಿಗೆ ಬಿತ್ತು. ಮಿನಿಮಮ್ ಹತ್ತು ಕಿಲೋ.

ಕೆಳಗೆ ವಿವರಣೆ: ಸೌಕರ್ಯ ಕೊಟ್ಟ ಮೇಲೆ ಹಾಲಿನಲ್ಲಿ ಅತ್ಯಂತ ನಿಧಾನದ, ವಯಸ್ಸಾದ ಕೆಲಸಗಾರ್ತಿಯೂ ಎಂಟೂವರೆ ಕಿಲೋ ಕೊಟ್ಟಿರುವುದರಿಂದ ಉಳಿದವರಿಗೆ ಹತ್ತು ಕಷ್ಟವಲ್ಲ. ಕೆಲಸಗಾರರ ಪ್ರತಿನಿಧಿ ಶಶಿಪ್ರಭಾ ಲೆಕ್ಕವನ್ನು ಒಪ್ಪಿದ್ದಾರೆ. ಆ ಎಂಟೂವರೆಯಲ್ಲಿ ಒಂದೂಕಾಲು ಕಿಲೋ ನನ್ನದು.

ಶಶಿಯಕ್ಕ ಸೀದಾ ಆಫೀಸಿಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ, ಬಾಗಿಲ ಹೊರಗೆ ನಿಂತೆ.

“ಮಿನಿಮಮ್ಮಿಗೆ ತಾಗುವುದಿಲ್ಲ ಅಂತ ಹೇಳಿದ್ದು ಯಾರು?”

“ಲೆಕ್ಕ ನಾನು ಬರೆದದ್ದು ಅಕ್ಕ. ತೀರ್ಮಾನ ಧಣಿಗಳದ್ದು. ನಾನು ಎಂತ ಮಾಡ್ಲಿ?”

“ಧಣಿಗಳ ಹತ್ರ ಹೇಳು, ನೀನು ನಮಗೆ ಮಾತು ಕೊಟ್ಟಿದ್ದಿ ಅಂತ. ಅರುವತ್ತು ಜನರನ್ನು ನಾನು ಒಪ್ಪಿಸಿದ್ದು ನಿನ್ನ ಮಾತಿನ ಮೇಲೆ.”

ಲತೇಶ್ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ. “ನಿಮಗೆ ಬೆಳಕು ಬೇಕಿತ್ತು, ಸಿಕ್ಕಿದೆ. ಗಾಳಿ ಬೇಕಿತ್ತು, ಸಿಕ್ಕಿದೆ. ಇನ್ನು ಅವರಿಗೂ ಏನಾದ್ರೂ ಸಿಗಬೇಕಲ್ವಾ?”

“ನಿನ್ನ ಅಪ್ಪ ನನಗೆ ಕಲಿಸಿದ್ದು ಇಂಥ ಲೆಕ್ಕ ಅಲ್ಲ ಮಾರಾಯ” ಎಂದು ಹೇಳಿ ಅವಳು ಹೊರಗೆ ಬಂದಳು. ನನ್ನನ್ನು ಕಂಡು “ಒಂದು ಮಾತ್ರ ಸುಳ್ಳಲ್ಲ ಕಾಂತಿ. ನಫೀಸಮ್ಮ ಎಂಟೂವರೆ ಕೊಟ್ಟದ್ದು ನಾವು ಕಣ್ಣಾರೆ ನೋಡಿದ್ದೇವೆ” ಎಂದಳು. ಆಗ ಹೇಳಬೇಕಿತ್ತು. ಆಗ ಹೇಳಿದ್ದರೆ ಅವಳು ವಾಪಸ್ ಒಳಗೆ ಹೋಗಿ, ಲೆಕ್ಕವೇ ತಪ್ಪು ಎಂದು ಕಾಗದ ಹರಿಯುತ್ತಿದ್ದಳು. ಹೇಳಿದರೆ ಪಾಲು ಹಾಕುವ ಗುಟ್ಟೆಲ್ಲ ಹೊರಬೀಳುತ್ತದೆ, ನನ್ನ ಕೆಲಸ ಹೋಗುತ್ತದೆ ಎಂದು ಹೆದರಿ ಸುಮ್ಮನಿದ್ದೆ. ಹೆದರಿಕೆ ಎಂದು ಈಗ ಹೇಳುತ್ತೇನೆ, ಆಗ ಅದಕ್ಕೆ ಜಾಣತನ ಎಂದು ಹೆಸರಿಟ್ಟಿದ್ದೆ.

ಹತ್ತು ಕಿಲೋದ ಮೇಲೆ ಯಾರ ಹತ್ತಿರವೂ ಪಾಲು ಹಾಕಲು ಹೆಚ್ಚಿಗೆ ಉಳಿಯಲಿಲ್ಲ. ಶಶಿಯಕ್ಕ ಒಬ್ಬಳು ತನ್ನ ಒಂದು ಕಿಲೋವನ್ನು ನಫೀಸಮ್ಮನಿಗೆ ಹಾಕುತ್ತಿದ್ದಳು. ಅದೂ ಎರಡೇ ವಾರ. ಟ್ರೇಗಳಿಗೆ ನಂಬರು ಬರೆದು ಎರಡು ಗಂಟೆಗೊಮ್ಮೆ ತೂಗುವ ಕ್ರಮ ಬಂತು, ಅದೂ ಲತೇಶನದೇ. ನಫೀಸಮ್ಮನ ತೂಕ ಮತ್ತೆ ಎಂಟರ ಕೆಳಗೆ ಇಳಿದಾಗ, ಹತ್ತರ ಗಡಿಬಿಡಿಗೆ ಕೈ ತಪ್ಪುತ್ತಿದೆ ಎಂದು ಅವರೂ ಶಶಿಯಕ್ಕನೂ ಅಂದುಕೊಂಡರು. ಜೂನಿನಲ್ಲಿ ಮಳೆ ಹಿಡಿಯಿತು. ಥಂಡಿ ಗಾಳಿಗೆ ಬೀಜ ಮೆತ್ತಗಾಗುತ್ತದೆ ಎಂದು ಫ್ಯಾನು ನಿಲ್ಲಿಸಿದರು, ಕಿಟಕಿಗೆ ಮತ್ತೆ ಹಲಗೆ ಬಂತು. ಗಾಜಿನ ಹಂಚಿನ ಮೇಲೆ ಪಾಚಿ ಕಟ್ಟಿತು, ಒರೆಸಲು ಯಾರನ್ನೂ ಹತ್ತಿಸಲಿಲ್ಲ. ಹಾಲು ಮೊದಲಿನ ಹಾಗೇ ಕತ್ತಲೆ, ಮೊದಲಿನ ಹಾಗೇ ಸೆಕೆ. ಹತ್ತು ಮಾತ್ರ ಹತ್ತಾಗಿಯೇ ಉಳಿಯಿತು.

ಆಗಸ್ಟಿನಲ್ಲಿ ನಫೀಸಮ್ಮನಿಗೆ ಮೂರನೇ ಚೀಟಿ ಬಂತು. ಚೂರಿಯನ್ನು ರೈಟರ ಮೇಜಿನ ಮೇಲಿಟ್ಟು, ಬುತ್ತಿಚೀಲ ಹಿಡಿದು ಬಂದರು. ಶಶಿಯಕ್ಕ ಅವರ ಕೈ ಹಿಡಿದು ಅಳುತ್ತಿದ್ದಳು.

“ಅಳಬೇಡ ಮಗಳೇ. ನಿನ್ನ ಮೇಲೆ ನನಗೆ ಕೋಪ ಇಲ್ಲ” ಎಂದರು ನಫೀಸಮ್ಮ. “ಆ ಇಪ್ಪತ್ತೊಂದು ದಿನ ನಾನು ಯಾರ ಬೀಜಕ್ಕೂ ಮುಖ ತಿರುಗಿಸ್ಲಿಲ್ಲ. ನನ್ನ ಕಣ್ಣಲ್ಲ, ಇವರ ಕತ್ತಲೆಯೇ ಹಾಳು ಅಂತ ಗೊತ್ತಾಯ್ತು. ಅಷ್ಟು ಸಾಕು ನನಗೆ.”

ನಾನು ಅಲ್ಲೇ ನಿಂತಿದ್ದೆ. ನನ್ನ ತಲೆಯನ್ನೂ ಸವರಿ ಹೋದರು.

ನಫೀಸಮ್ಮನಿಗೆ ಕೋಪ ಬರದಿದ್ದರೇನು, ಹಾಲಿಗೆ ಬಂದಿತ್ತು. ಧಣಿಗಳ ಮೇಲೆ ಸಿಟ್ಟು ತೀರಿಸಲು ನಮ್ಮಿಂದ ಆಗುತ್ತಿರಲಿಲ್ಲ, ಲತೇಶನ ಮೇಲೂ ಆಗುತ್ತಿರಲಿಲ್ಲ. ಕೈಗೆ ಸಿಕ್ಕವಳು ಶಶಿಯಕ್ಕ. ‘ಸೈನ್ ಹಾಕಿದ್ದು ಇವಳೇ.’ ‘ಗಂಡನಿಗೆ ಹಂಚಿನ ಕೆಲಸ ಸಿಕ್ಕಿತಲ್ಲ, ಇನ್ನೇನು.’ ಹೀಗೆಲ್ಲ ಮಾತಾಡಿದರು. ಒಂದು ಸೋಮವಾರ ಸಾಲುಗಳು ಸರಿಯುವಾಗ ಬೋರ್ಮದ ಗೋಡೆಯ ಹತ್ತಿರ ಇದ್ದ ಅವಳಿಗೆ ಯಾರೂ ಮುಂದೆ ಜಾಗ ಬಿಡಲಿಲ್ಲ. ಮುಂದಿನ ವಾರವೂ ಬಿಡಲಿಲ್ಲ. ಅವಳು ಕೇಳಲಿಲ್ಲ. ಅವಳೇ ಮಾಡಿದ ಕ್ರಮ ಅದು, ಅವಳೊಬ್ಬಳನ್ನು ಬಿಟ್ಟು ನಡೆಯತೊಡಗಿತು. ನಾನೂ ನನ್ನ ಟ್ರೇ ಎತ್ತಿಕೊಂಡು ಅವಳ ಮುಂದಿನಿಂದಲೇ ಸರಿದು ಹೋದೆ. ಮರುವರ್ಷದ ಸೆಕೆಗೆ ಅವಳು ಒಮ್ಮೆ ತಲೆ ತಿರುಗಿ ಟ್ರೇಯ ಮೇಲೆಯೇ ಬಿದ್ದಳು. ನೀರು ತಂದದ್ದು ಹೊಸದಾಗಿ ಸೇರಿದ್ದ ಒಬ್ಬಳು. ನಾನು ಏಳಲೋ ಬೇಡವೋ ಎಂದು ಉಳಿದವರ ಮುಖ ನೋಡುತ್ತಿದ್ದೆ.

ನಾಲ್ಕು ಬೇಸಗೆ ಅವಳು ಆ ಗೋಡೆಯ ಬುಡದಲ್ಲೇ ಕಳೆದಳು. 2001ರಲ್ಲಿ ಬಿಟ್ಟು ಮಿಜಾರಿನ ಒಂದು ಹಾಸ್ಟೆಲ್ಲಿನ ಅಡುಗೆಮನೆಗೆ ಸೇರಿದಳು. ಲತೇಶ್ ಅಷ್ಟರಲ್ಲಿ ಬಂಟ್ವಾಳದ ಕಡೆ ಶುರುವಾದ ಹೊಸ ಯೂನಿಟ್ಟಿಗೆ ಮ್ಯಾನೇಜರ್ ಆಗಿದ್ದ. ಅಲ್ಲಿ ಮೊದಲಿನಿಂದಲೇ ಗಾಜಿನ ಹಂಚು ಇಟ್ಟಿದ್ದಾರೆ, ಮಿನಿಮಮ್ ಹನ್ನೊಂದು ಎಂದು ಕೇಳಿದೆ.

2005ರಲ್ಲಿ ನಫೀಸಮ್ಮ ಮಡಂತ್ಯಾರಿನಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ಮೂರನೇ ದಿನ ನಾನು ಹೋದಾಗ ಶಶಿಯಕ್ಕ ಅಲ್ಲಿ ಕೂತಿದ್ದಳು. ಶಹರ್ಬಾನುವಿನ ಕೈ ಹಿಡಿದು ಹೇಳುತ್ತಿದ್ದಳು: “ನಿನ್ನ ಅಮ್ಮನ ಕೈಯಲ್ಲಿ ಕೊರತೆ ಇರ್ಲಿಲ್ಲ. ಬೆಳಕು ಕೊಟ್ಟಾಗ ಒಬ್ಬರೇ ಎಂಟೂವರೆ ಕೊಟ್ಟವರು. ನಾನು ಸೈನ್ ಹಾಕಿದ್ದು ಅದನ್ನು ನೋಡಿಯೇ.”

ವಾಪಸ್ ಬರುವಾಗ ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ ಹತ್ತಿದೆವು. ಅವಳೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರ ಟಿಕೆಟ್ಟನ್ನೂ ಅವಳೇ ತೆಗೆದಳು. ಎಂಟು ವರ್ಷ ನಾನು ನುಂಗಿಕೊಂಡದ್ದು ಆ ಸೀಟಿನಲ್ಲಿ ಹೊರಗೆ ಬಂತು. ಐದಾರು ಹಿಡಿ, ದಿನಕ್ಕೆ ಎರಡು ಸಲ, ಮೂರನೇ ದಿನದಿಂದ ಕೊನೆಯ ದಿನದವರೆಗೆ. ಎಲ್ಲ ಹೇಳಿದೆ.

ಶಶಿಯಕ್ಕ ನನ್ನ ಕಡೆ ತಿರುಗಿದಳು. “ಹಾಗಾದ್ರೆ ಏಳೂಕಾಲು” ಎಂದಳು. “ಅವರ ಹೆಸರಿನ ಮುಂದೆ ಏಳೂಕಾಲು ಇದ್ದಿದ್ದರೆ ನಾನು ಆ ಕಾಗದ ಮುಟ್ತಾ ಇರ್ಲಿಲ್ಲ ಕಾಂತಿ.”

“ಹೆದರಿಕೆ ಆಯ್ತು ಶಶಿಯಕ್ಕ.”

“ಲತೇಶ್ ಮಾಡಿದ್ದು ನನಗೆ ಅರ್ಥ ಆಗ್ತದೆ. ಅವ ಆಫೀಸಿನವ. ನಾಲ್ಕು ವರ್ಷ ನನ್ನನ್ನು ಆ ಗೋಡೆಗೆ ಕೂರಿಸಿದ್ರಲ್ಲ, ಆ ಹೆಂಗಸರದ್ದೂ ಅರ್ಥ ಆಗ್ತದೆ. ಅವರಿಗೆ ಗೊತ್ತಿರ್ಲಿಲ್ಲ.” ಅವಳ ಧ್ವನಿ ಏರಲಿಲ್ಲ. “ನಿನಗೆ ಗೊತ್ತಿತ್ತು. ಗೊತ್ತಿದ್ದೂ ಟ್ರೇ ಎತ್ತಿಕೊಂಡು ನನ್ನ ಮುಂದೆಯೇ ಹೋದಿ.”

ಅವಳು ಎದ್ದು ನನ್ನ ಮೊಣಕಾಲು ದಾಟಿ ಬಾಗಿಲ ಹತ್ತಿರ ಹೋಗಿ ನಿಂತಳು. ಟಿಕೆಟ್ ಮೂಡುಬಿದಿರೆಯವರೆಗೆ ಇತ್ತು. ಅವಳು ವೇಣೂರಿನಲ್ಲೇ ಇಳಿದಳು.